ಜೋಗಿಮಟ್ಟಿಯ ನೆರಳಿನಲ್ಲಿ ಹಕ್ಕಿ ಕಪ್ಪಾಗಿ ಬರುತ್ತಿದೆ: ಇನ್ನೂ ದೊಡ್ಡ ಫ್ಲ್ಯಾಶ್ ಬೇಕೇ?

ಪ್ರಶ್ನೆ (ದಾವಣಗೆರೆಯಿಂದ)

ನಮಸ್ಕಾರ. ನನ್ನದು ಕ್ಯಾನನ್ ಕ್ಯಾಮೆರಾ, 150-600 ಮಿ.ಮೀ. ಲೆನ್ಸ್. 600ರಲ್ಲಿ ಅಪರ್ಚರ್ (ಲೆನ್ಸಿನ ಬೆಳಕಿಂಡಿ) ಎಫ್/6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಕೊಂಡಜ್ಜಿ ಕೆರೆಯ ಬಯಲು ಬೆಳಕಿನಲ್ಲಿ ತೊಂದರೆಯಿಲ್ಲ. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಪೊದೆಯ ಕೆಳಗೆ ತರಗೆಲೆ ಕೆದಕುತ್ತಿದ್ದ ನವರಂಗ ಮಾತ್ರ ಕಪ್ಪು ಮುದ್ದೆಯಂತೆ ಬಂದಿದೆ. ಫ್ಲ್ಯಾಶ್ ಹಾಕಿದ್ದೆ. ಅದರ ಗೈಡ್ ನಂಬರ್ (ಫ್ಲ್ಯಾಶ್ ಶಕ್ತಿಯ ಅಳತೆ) 43, ಫ್ಲ್ಯಾಶ್ ತಲೆಯ ಜೂಮ್ 105 ಮಿ.ಮೀ. ಇದ್ದಾಗ. ಹಕ್ಕಿ ಸುಮಾರು 12 ಮೀಟರ್ ದೂರದಲ್ಲಿತ್ತು. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 400, ಶಟರ್ 1/1000 ಸೆಕೆಂಡ್, ಹೈಸ್ಪೀಡ್ ಸಿಂಕ್ (ವೇಗದ ಶಟರ್‌ನಲ್ಲೂ ಫ್ಲ್ಯಾಶ್ ಬೆಳಗಿಸುವ ವ್ಯವಸ್ಥೆ) ಚಾಲೂ ಇತ್ತು. ಒಂದೇ ಸಮನೆ ಕ್ಲಿಕ್ಕಿಸಿದರೆ ಮೊದಲ ಚಿತ್ರದಲ್ಲಿ ಸ್ವಲ್ಪ ಬೆಳಕು ಇರುತ್ತದೆ, ಮುಂದಿನವು ಪೂರ್ತಿ ಕತ್ತಲು. ಗೈಡ್ ನಂಬರ್ 60 ಇರುವ ಫ್ಲ್ಯಾಶ್ ಕೊಳ್ಳಬೇಕೆಂದಿದ್ದೇನೆ. ಯಾವುದು ಒಳ್ಳೆಯದು?

ಉತ್ತರ (ಚಿತ್ರದುರ್ಗದಿಂದ)

ದುಡ್ಡು ಕೊಡುವ ಮೊದಲು ಒಂದು ಲೆಕ್ಕ ಮಾಡೋಣ ಸರ್. ಗೈಡ್ ನಂಬರನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಎಷ್ಟು ಮೀಟರ್ ತಲುಪುತ್ತದೆ ಎಂದು ತಿಳಿಯುತ್ತದೆ. ಇದು ಐಎಸ್‌ಒ 100ರ ಲೆಕ್ಕ. ಐಎಸ್‌ಒ 400ಕ್ಕೆ ಏರಿಸಿದರೆ ದೂರ ಎರಡು ಪಟ್ಟಾಗುತ್ತದೆ. ನಿಮ್ಮದು 43 ಭಾಗಿಸು 6.3, ಅಂದರೆ 6.8 ಮೀಟರ್. ಅದರ ಎರಡರಷ್ಟು 13.6. ಹಕ್ಕಿ ಇದ್ದದ್ದು 12ರಲ್ಲಿ. ಈಗಿರುವ ಫ್ಲ್ಯಾಶ್ ಸಾಕು.

ಬೆಳಕು ಸೋರಿಹೋಗುತ್ತಿರುವುದು ಹೈಸ್ಪೀಡ್ ಸಿಂಕ್‌ನಲ್ಲಿ. 1/200 ಅಥವಾ 1/250ಕ್ಕಿಂತ ವೇಗವಾದ ಶಟರ್‌ನಲ್ಲಿ ಸೆನ್ಸರ್ ಒಮ್ಮೆಗೇ ಪೂರ್ತಿ ತೆರೆದುಕೊಳ್ಳುವುದಿಲ್ಲ, ಒಂದು ಸೀಳು ಅದರ ಮೇಲೆ ಹಾದುಹೋಗುತ್ತದೆ. ಅಷ್ಟೂ ಹೊತ್ತು ಫ್ಲ್ಯಾಶ್ ಬಿಡದೆ ಮಿನುಗುತ್ತಿರಬೇಕು. ಚಿತ್ರಕ್ಕೆ ದಕ್ಕುವುದು ಆ ಸೀಳಿನ ಮೂಲಕ ನುಸುಳಿದ ಪಾಲು ಮಾತ್ರ. ಶಟರ್ ವೇಗ ಇಮ್ಮಡಿಯಾದಂತೆಲ್ಲ ಇನ್ನೊಂದು ಸ್ಟಾಪ್, ಅಂದರೆ ಉಳಿದ ಬೆಳಕಿನಲ್ಲಿ ಅರ್ಧ, ಕಳೆಯುತ್ತದೆ. 1/1000ದಲ್ಲಿ ನಿಮ್ಮ ಫ್ಲ್ಯಾಶ್ 12 ಮೀಟರ್ ಮುಟ್ಟಲಾರದು. ಗೈಡ್ ನಂಬರ್ 60 ಇರುವುದೂ ಪರದಾಡುತ್ತದೆ.

ಆದ್ದರಿಂದ ನೆರಳಿನಲ್ಲಿ ಹೈಸ್ಪೀಡ್ ಸಿಂಕ್ ಆಫ್ ಮಾಡಿ, ಶಟರನ್ನು 1/200ಕ್ಕೆ ಇಳಿಸಿ. ಐಎಸ್‌ಒ 800 ಇಡಿ. ಫ್ಲ್ಯಾಶ್ ಕಾಂಪನ್ಸೇಶನ್ (ಫ್ಲ್ಯಾಶ್ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ರಿಂದ ಮೈನಸ್ 2ರ ನಡುವೆ ಇರಲಿ. ಕಾಡಿನ ಬೆಳಕೇ ಚಿತ್ರ ಕಟ್ಟಬೇಕು, ಫ್ಲ್ಯಾಶ್ ಕಣ್ಣಿನ ಹೊಳಪು ಮತ್ತು ಎದೆಯ ಬಣ್ಣ ಎತ್ತಿಕೊಟ್ಟರೆ ಸಾಕು. ಫ್ಲ್ಯಾಶ್ ಒಂದರಿಂದಲೇ ಬೆಳಗಿದ ಹಕ್ಕಿ ನನ್ನ ಕಣ್ಣಿಗೆ ಗಾಜಿನ ಪೆಟ್ಟಿಗೆಯೊಳಗಿನ ಬೊಂಬೆಯಂತೆ ಕಾಣುತ್ತದೆ.

ಮುಂದಿನ ಚಿತ್ರಗಳು ಕತ್ತಲಾಗುವುದಕ್ಕೂ ಇದೇ ಮದ್ದು. ಪೂರ್ಣ ಶಕ್ತಿಯಲ್ಲಿ ಒಮ್ಮೆ ಬೆಳಗಿದರೆ ಒಳಗಿನ ಕೆಪಾಸಿಟರ್ ಬರಿದಾಗುತ್ತದೆ, ಮತ್ತೆ ತುಂಬಲು ಕೆಲವು ಸೆಕೆಂಡ್ ಬೇಕು. ಎಂಟನೆಯ ಒಂದು ಪಾಲು ಶಕ್ತಿಯಲ್ಲಾದರೆ ಎರಡು ಮೂರು ಚಿತ್ರ ಒಟ್ಟಿಗೇ ಸಿಗುತ್ತವೆ. ಆಲ್ಕಲೈನ್ ಸೆಲ್ ಬಿಟ್ಟು ರೀಚಾರ್ಜ್ ಆಗುವ ನಿಕೆಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿ. ಫ್ಲ್ಯಾಶ್ ತಲೆಯ ಮೇಲೆ ಬಿಳಿ ಪ್ಲಾಸ್ಟಿಕ್ ಟೊಪ್ಪಿಯಿದ್ದರೆ ತೆಗೆದಿಡಿ. ಮದುವೆ ಮನೆಗೆ ಅದು ಸರಿ, ಕಾಡಿನಲ್ಲಿ ಬೆಳಕನ್ನೆಲ್ಲ ನಾಲ್ಕೂ ದಿಕ್ಕಿಗೆ ಚೆಲ್ಲುತ್ತದೆ.

ಇನ್ನು ಗೈಡ್ ನಂಬರ್‌ಗಳ ಹೋಲಿಕೆ. ಅದನ್ನು ಯಾವ ಜೂಮ್‌ನಲ್ಲಿ ಅಳೆದಿದ್ದಾರೆ ಎಂದು ನೋಡದೆ ನಂಬಬೇಡಿ. ನಿಕಾನ್ ಎಸ್‌ಬಿ-5000ಕ್ಕೆ 34.5 ಎಂದು ಬರೆದಿರುತ್ತಾರೆ. ಅದು 35 ಮಿ.ಮೀ.ನಲ್ಲಿ. ಅದೇ ಫ್ಲ್ಯಾಶ್ 200 ಮಿ.ಮೀ.ನಲ್ಲಿ 55 ಕೊಡುತ್ತದೆ. ನಿಮ್ಮ 43ರಿಂದ 60ಕ್ಕೆ ಹೋದರೆ ಸಿಗುವುದು ಒಂದೇ ಸ್ಟಾಪ್, ಐಎಸ್‌ಒ 400ರಿಂದ 800ಕ್ಕೆ ಏರಿಸಿದಾಗ ಸಿಗುವಷ್ಟೇ.

ಆದರೂ ಕೊಳ್ಳಲೇಬೇಕೆಂದರೆ, ಹಕ್ಕಿಗಳಿಗೆ ನಾನು ಮೊದಲು ನೋಡುವುದು ಮರುಚಾರ್ಜ್ ವೇಗ. ಗೊಡಾಕ್ಸ್ ವಿ860 ಸರಣಿಯಲ್ಲಿ ಲಿಥಿಯಂ ಬ್ಯಾಟರಿ ಇದೆ. ಪೂರ್ಣ ಶಕ್ತಿಯ ನಂತರವೂ ಸುಮಾರು ಒಂದೂವರೆ ಸೆಕೆಂಡಿನಲ್ಲಿ ಸಿದ್ಧವಾಗುತ್ತದೆ. ಹೆಸರಿನ ಕೊನೆಯ ಅಕ್ಷರ ನೋಡಿ ತೆಗೆದುಕೊಳ್ಳಿ: ಕ್ಯಾನನ್‌ಗೆ 'ಸಿ', ನಿಕಾನ್‌ಗೆ 'ಎನ್', ಸೋನಿಗೆ 'ಎಸ್'. ಬೇರೆಯದನ್ನು ತಂದರೆ ಕ್ಯಾಮೆರಾದೊಂದಿಗೆ ಟಿಟಿಎಲ್ (ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ಫ್ಲ್ಯಾಶ್ ಶಕ್ತಿಯನ್ನು ತಾನೇ ಹೊಂದಿಸುವ ವ್ಯವಸ್ಥೆ) ಹೊಂದುವುದಿಲ್ಲ.

ಮರುಪ್ರಶ್ನೆ (ದಾವಣಗೆರೆಯಿಂದ)

ನೀವು ಹೇಳಿದಂತೆ ಮಾಡಿದೆ. ಪಿಕಳಾರದ ಗರಿಗಳು ಒಂದೊಂದೂ ಬಿಡಿಸಿಟ್ಟಂತೆ ಬಂದಿವೆ. ತುಂಬಾ ಧನ್ಯವಾದ. ಉಳಿದಿರುವುದು ಎರಡು ವಿಷಯ. ಕೆಲವು ಚಿತ್ರಗಳಲ್ಲಿ ಕಣ್ಣು ಉಕ್ಕಿನ ಗುಂಡಿನಂತೆ ಬೆಳ್ಳಗಿದೆ. ಮತ್ತೊಂದು, ಫ್ಲ್ಯಾಶ್ ಮುಂದೆ ಕಟ್ಟುವ, ಫ್ರೆನೆಲ್ ಎಂಬ ಚಪ್ಪಟೆ ಮಸೂರದ ಎಕ್ಸ್‌ಟೆಂಡರ್ ಕೊಳ್ಳಬಹುದೇ?

ಉತ್ತರ (ಚಿತ್ರದುರ್ಗದಿಂದ)

ಫ್ಲ್ಯಾಶ್ ಲೆನ್ಸಿಗೆ ಹತ್ತಿರವಿದ್ದಷ್ಟೂ ಬೆಳಕು ಹಕ್ಕಿಯ ಕಣ್ಣಿನೊಳಗಿಂದ ನೇರ ಹಿಂದಕ್ಕೆ ಬರುತ್ತದೆ. ಫ್ಲ್ಯಾಶ್ ಬ್ರಾಕೆಟ್ ಹಾಕಿ ಒಂದು ಗೇಣಿನಷ್ಟಾದರೂ ಮೇಲಕ್ಕೆತ್ತಿ, ಟಿಟಿಎಲ್ ಕೇಬಲ್ ಜೋಡಿಸಿ. ಹಕ್ಕಿ ದೂರವಾದಂತೆ ಲೆನ್ಸಿಗೂ ಫ್ಲ್ಯಾಶ್‌ಗೂ ನಡುವಿನ ಕೋನ ಮತ್ತೆ ಕಿರಿದಾಗುತ್ತದೆ, ಆಗ ಫ್ಲ್ಯಾಶ್ ಶಕ್ತಿ ತಗ್ಗಿಸಬೇಕು.

ಎಕ್ಸ್‌ಟೆಂಡರ್ ಒಳ್ಳೆಯ ಸಾಧನ. ಬೆಳಕನ್ನು ಕಿರಿದಾಗಿಸಿ ಸುಮಾರು ಎರಡು ಸ್ಟಾಪ್ ಹೆಚ್ಚಿಸುತ್ತದೆ, ದೂರ ಇಮ್ಮಡಿಯಾಗುತ್ತದೆ. 300 ಮಿ.ಮೀ.ಗಿಂತ ಉದ್ದದ ಲೆನ್ಸಿಗೆ ಮಾತ್ರ ಹೊಂದುತ್ತದೆ. ಕಾಡಿಗೆ ಹೋಗುವ ಮುನ್ನ ಸಂಜೆ ಮನೆಯ ಗೋಡೆಗೆ ಹಿಡಿದು, ಬೆಳಕಿನ ಮಚ್ಚೆ ಫೋಕಸ್ ಬಿಂದುವಿನ ಮೇಲೆಯೇ ಬೀಳುತ್ತಿದೆಯೇ ಎಂದು ನೋಡಿಕೊಳ್ಳಿ. ಒಂದು ಅಪಾಯವಿದೆ: ಅದು ಭೂತಗನ್ನಡಿಯೇ. ಬಿಸಿಲು ಎದುರಿನಿಂದ ಬಿದ್ದರೆ ಕಿರಣಗಳು ಫ್ಲ್ಯಾಶ್ ತಲೆಯ ಮೇಲೆ ಒಂದುಗೂಡಿ ಪ್ಲಾಸ್ಟಿಕ್ ಕರಗಿಸುತ್ತವೆ. ಚಿತ್ರದುರ್ಗದ ಬಿಸಿಲಿಗೆ ಹೆಚ್ಚು ಹೊತ್ತೇನೂ ಬೇಕಾಗಿಲ್ಲ. ಕ್ಯಾಮೆರಾ ಹೆಗಲಿಗೇರಿಸಿ ನಡೆಯುವಾಗ ಮಸೂರವನ್ನು ಬಿಚ್ಚಿಡಿ ಅಥವಾ ಬಟ್ಟೆ ಹೊದಿಸಿ.

ಇನ್ನೊಬ್ಬರು (ಜಗಳೂರಿನಿಂದ)

ಒಂದು ಮಾತು ಸೇರಿಸುತ್ತೇನೆ. ಗೂಡು ಮತ್ತು ಮರಿಗಳ ಮೇಲೆ ಫ್ಲ್ಯಾಶ್ ಬೇಡವೇ ಬೇಡ. ರಾತ್ರಿ ಗೂಬೆಯ ಮುಖಕ್ಕೂ ಬೆಳಕು ಎರಚಬೇಡಿ, ಕತ್ತಲಿಗೆ ಹೊಂದಿಕೊಂಡ ಕಣ್ಣು ಅದು. ನಮ್ಮ ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯಕ್ಕೆ ಬರುವುದಾದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಒಳಗೆ ಹೋಗಿ ಚಿತ್ರ ತೆಗೆಯಲು ಅನುಮತಿ ಬೇಕು. ಅರಣ್ಯ ಇಲಾಖೆಯನ್ನು ಕೇಳುವಾಗ ಫ್ಲ್ಯಾಶ್ ಬಳಸುವ ವಿಷಯವನ್ನೂ ಮೊದಲೇ ತಿಳಿಸಿ.