ಮಗಳಿಗೆ ಮಾತ್ರ ಸೀಲಿಯಾಕ್, ಅಡುಗೆಮನೆ ಒಂದೇ: ಪಾತ್ರೆ ಎಲ್ಲಾ ಬೇರೆ ಮಾಡಬೇಕಾ?

ಪ್ರಶ್ನೆ

ಎಂಟು ವರ್ಷದ ಮಗಳಿಗೆ ಸೀಲಿಯಾಕ್ (ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಕೆಡುವ ಕಾಯಿಲೆ) ಇದೆಯೆಂದು ಬಯಾಪ್ಸಿಯಲ್ಲಿ ಖಚಿತವಾಗಿ ನಾಲ್ಕು ತಿಂಗಳಾಯಿತು. ಗೋಧಿ, ಬಾರ್ಲಿ, ರೈ ಅವಳ ತಟ್ಟೆಗೆ ಬೀಳುವುದಿಲ್ಲ. ಆದರೂ ಟಿಟಿಜಿ (ಈ ಕಾಯಿಲೆ ಪತ್ತೆಗೆ ರಕ್ತದಲ್ಲಿ ಅಳೆಯುವ ಪ್ರತಿಕಾಯ) ಇಳಿದಿರುವುದು ಅಲ್ಪ, ಹೊಟ್ಟೆಯುಬ್ಬರವೂ ಹೋಗಿಲ್ಲ. ನಾವಿಬ್ಬರು ಮತ್ತು ಅವಳ ಅಣ್ಣ ಗೋಧಿ ತಿನ್ನುತ್ತೇವೆ. ಪಾತ್ರೆಗಳನ್ನೆಲ್ಲ ಬೇರೆ ಇಡಬೇಕಾ? ಇನ್ನೊಂದು, ಅವಳಿಗೆ ಮಾಡುವ ಬ್ರೆಡ್ ಉಬ್ಬುವುದೇ ಇಲ್ಲ, ಮೇಲೆ ಬಿರುಕು, ಕೊಯ್ದರೆ ಪುಡಿಪುಡಿ. ಅಳತೆ: ಅಕ್ಕಿ ಹಿಟ್ಟು 400 ಗ್ರಾಂ, ನೀರು 260 ಮಿ.ಲೀ., ಯೀಸ್ಟ್ 7 ಗ್ರಾಂ. ಎರಡು ಸಲ ಉಬ್ಬಲು ಬಿಡುತ್ತೇನೆ.

ಉತ್ತರ 1

ಪಾತ್ರೆಗಿಂತ ಮೊದಲು ಹಿಟ್ಟಿನ ವಿಷಯ. ಆ ಅಕ್ಕಿ ಹಿಟ್ಟು ಎಲ್ಲಿ ಬೀಸಿದ್ದು? ಗೋಧಿ ಬೀಸುವ ಗಿರಣಿಯಲ್ಲೇ ಬೀಸಿಸಿದ್ದರೆ ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿ ಹಿಟ್ಟೆಲ್ಲ ನಿಮ್ಮ ಡಬ್ಬಿಗೇ ಬಂದಿರುತ್ತದೆ. ಒಂದು ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 80 ಮಿ.ಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ 10 ಮಿ.ಗ್ರಾಂ ಒಳಗಿದ್ದರೆ ಹೆಚ್ಚಿನವರಿಗೆ ತೊಂದರೆಯಿಲ್ಲ, ದಿನವೂ 50 ಮಿ.ಗ್ರಾಂ ಸೇರಿದರೆ ಮೂರೇ ತಿಂಗಳಲ್ಲಿ ಕರುಳಿನ ಒಳಪದರ ಕೆಡಬಲ್ಲದು. ಅಂದರೆ ಒಂದು ಚಿಟಿಕೆ ಹಿಟ್ಟೂ ಲೆಕ್ಕಕ್ಕೆ ಬರುತ್ತದೆ. ಗ್ಲುಟೆನ್ 20 ಪಿಪಿಎಂಗಿಂತ (ಕಿಲೋಗೆ 20 ಮಿ.ಗ್ರಾಂ) ಕಡಿಮೆ ಎಂದು ಪರೀಕ್ಷೆಯಾದ, ಗ್ಲುಟೆನ್‌ಮುಕ್ತ ಎಂದು ಅಚ್ಚಾದ ಪೊಟ್ಟಣದ ಹಿಟ್ಟನ್ನೇ ತನ್ನಿ. ಓಟ್ಸ್ ವಿಷಯದಲ್ಲೂ ಇದೇ ಮಾತು.

ಸ್ಟೀಲು, ಗಾಜಿನ ಪಾತ್ರೆ ಬೇರೆ ಬೇಕಿಲ್ಲ, ಸೋಪು ಹಾಕಿ ಉಜ್ಜಿ ತೊಳೆದರೆ ಸಾಕು. ಬೇರೆ ಇಡಬೇಕಾದ್ದು ತೊಳೆದರೂ ಹೋಗದಂಥವು: ಜರಡಿ, ಮರದ ಸೌಟು, ಮಣೆ, ಲಟ್ಟಣಿಗೆ, ಟೋಸ್ಟರ್, ಗೀರು ಬಿದ್ದ ನಾನ್‌ಸ್ಟಿಕ್, ಪಾತ್ರೆ ಉಜ್ಜುವ ಸ್ಪಂಜು. ಕಾಯಿಸಿದರೆ ಗ್ಲುಟೆನ್ ಸಾಯುತ್ತದೆ ಎಂಬುದು ತಪ್ಪು, ಅದೇನು ಕ್ರಿಮಿಯಲ್ಲ. ಆದ್ದರಿಂದ ಗೋಧಿ ಪದಾರ್ಥ ಕರಿದ ಎಣ್ಣೆಯೂ ಬೇಡ.

ಬೆಣ್ಣೆ, ಜಾಮ್ ಡಬ್ಬಿಗೆ ಬ್ರೆಡ್ ಸವರಿದ ಚಾಕು ಮತ್ತೆ ಇಳಿಯುತ್ತದೆ, ಅಲ್ಲಿ ಕಣ್ಣಿಟ್ಟು ನೋಡಿ, ಕಂದು ಚೂರುಗಳು ಕಾಣುತ್ತವೆ. ಅವಳದ್ದೇ ಡಬ್ಬಿ ಬೇರೆ ಇರಲಿ, ಕಪಾಟಿನ ಮೇಲಿನ ಹಲಗೆಯಲ್ಲಿರಲಿ. ಹಿಟ್ಟು ಉದುರುವುದು ಕೆಳಕ್ಕೇ. ಗೋಧಿ ಜರಡಿ ಹಿಡಿಯುವಾಗ ಅವಳ ಊಟ ತೆರೆದಿರಬಾರದು, ಅವಳ ಅಡುಗೆ ಮೊದಲು ಮುಗಿಸಿ ಮುಚ್ಚಿಟ್ಟುಬಿಡಿ.

ಟಿಟಿಜಿ ಸಹಜ ಮಟ್ಟಕ್ಕೆ ಬರಲು ಎಷ್ಟೋ ಮಕ್ಕಳಿಗೆ ವರ್ಷವೇ ಹಿಡಿಯುತ್ತದೆ. ಇಳಿಯುತ್ತಿದೆ ಅಂದರೆ ದಾರಿ ಸರಿಯಿದೆ.

ಪ್ರಶ್ನೆ ಕೇಳಿದವರು

ಹೌದು, ಹಿಟ್ಟು ಗಿರಣಿಯದೇ. ಅದೇ ಕಲ್ಲಿನಲ್ಲಿ ಗೋಧಿಯನ್ನೂ ಬೀಸುತ್ತಾರೆ. ಇವತ್ತೇ ನಿಲ್ಲಿಸುತ್ತೇನೆ. ಅವಳ ಅಣ್ಣನಿಗೂ ಆಗಾಗ ಹೊಟ್ಟೆನೋವು, ಅವನಿಗೂ ಗೋಧಿ ಬಿಡಿಸೋಣವೇ?

ಉತ್ತರ 2

ದಯವಿಟ್ಟು ಈಗಲೇ ಬಿಡಿಸಬೇಡಿ! ಗೋಧಿ ಬಿಟ್ಟ ಮೇಲೆ ರಕ್ತಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು. ಗೋಧಿ ತಿನ್ನುತ್ತಿರುವಾಗಲೇ ಟಿಟಿಜಿ-ಐಜಿಎ ಮಾಡಿಸಿ, ಜೊತೆಗೆ ಒಟ್ಟು ಐಜಿಎ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ಕೂಡ. ಐಜಿಎ ಪ್ರಮಾಣವೇ ಕಡಿಮೆಯಿರುವವರಲ್ಲಿ ಮೊದಲನೆಯದನ್ನು ನಂಬುವಂತಿಲ್ಲ. ಲಕ್ಷಣವಿಲ್ಲದಿದ್ದರೂ ನೀವಿಬ್ಬರೂ ಮಾಡಿಸಿಕೊಳ್ಳಿ, ಇದು ರಕ್ತಸಂಬಂಧದಲ್ಲಿ ಹರಿದುಬರುವ ಕಾಯಿಲೆ.

ಉತ್ತರ 3

ಬ್ರೆಡ್ ಬಗ್ಗೆ. ಗೋಧಿ ಹಿಟ್ಟಿನಲ್ಲಿ ಗಾಳಿ ಹಿಡಿದಿಡುವುದೇ ಗ್ಲುಟೆನ್. ನಿಮ್ಮ ಅಳತೆಯಲ್ಲಿ ಅದರ ಜಾಗಕ್ಕೆ ಏನೂ ಇಲ್ಲ, ನೀರೂ ಸಾಲದು. ಹೀಗೆ ಮಾಡಿ: ಅಕ್ಕಿ ಹಿಟ್ಟು 200 ಗ್ರಾಂ, ಜೋಳದ ಹಿಟ್ಟು 100, ಆಲೂಗೆಡ್ಡೆ ಪಿಷ್ಟ 100, ಉಪ್ಪು 8, ಸಕ್ಕರೆ 12, ಎಣ್ಣೆ 20, ಯೀಸ್ಟ್ 7. ಇಸಬ್ಗೋಲ್ ಹೊಟ್ಟು 20 ಗ್ರಾಂ, ಅದನ್ನು ಮೊದಲೇ 400 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಹಾಕಿ ತಕ್ಷಣ ಕಲಕಿ. ಹತ್ತು ನಿಮಿಷದಲ್ಲಿ ಲೋಳೆಯಾಗುತ್ತದೆ. ಆಮೇಲೆ ಉಳಿದದ್ದನ್ನು ಸೇರಿಸಿ ನಾದಿ. ಕೈಗೆ ಸ್ವಲ್ಪ ಅಂಟಬೇಕು, ಅಂಟುತ್ತದೆ ಎಂದು ಹಿಟ್ಟು ಉದುರಿಸಬೇಡಿ.

ಎರಡನೇ ಸಲ ಉಬ್ಬಿಸುವುದನ್ನು ಬಿಡಿ. ಗ್ಲುಟೆನ್ ಇಲ್ಲದ ಕಣಕ ಒಮ್ಮೆ ಕುಸಿದರೆ ಮತ್ತೆ ಮೊದಲಿನಂತೆ ಏಳುವುದು ಕಷ್ಟ. ಅಚ್ಚಿಗೆ ಹಾಕಿ, ಒಂದೂವರೆ ಪಟ್ಟಾದ ಕೂಡಲೇ 220 ಡಿಗ್ರಿಯಲ್ಲಿ 20 ನಿಮಿಷ, ನಂತರ 200ರಲ್ಲಿ 35–40 ನಿಮಿಷ ಬೇಯಿಸಿ. ನಡುವಿನ ಶಾಖ 96–98 ಡಿಗ್ರಿ ಮುಟ್ಟಬೇಕು. ಅಚ್ಚಿನಿಂದ ತೆಗೆದು ಎರಡು ಗಂಟೆಯಾದರೂ ಆರಲು ಬಿಡಿ, ಬಿಸಿಯಲ್ಲಿ ಕೊಯ್ದರೆ ಪಿಷ್ಟ ಇನ್ನೂ ಗಟ್ಟಿಯಾಗಿರದೆ ಚಾಕುವಿಗೆ ಅಂಟಿಕೊಂಡು ಬರುತ್ತದೆ. ಮಿಕ್ಕಿದ್ದನ್ನು ಫ್ರಿಜ್‌ನಲ್ಲಿಟ್ಟರೆ ಬೇಗ ಒರಟಾಗುತ್ತದೆ. ಹೋಳು ಮಾಡಿ ಫ್ರೀಜರ್‌ಗೆ ಹಾಕಿ, ಬೇಕಾದಾಗ ಅವಳದೇ ಟೋಸ್ಟರ್‌ನಲ್ಲಿ ಬಿಸಿ ಮಾಡಿ ಕೊಡಿ.