ಮೊದಲ ಮನೆ: ತುಮಕೂರಾ, ಮಾಲೂರಾ, ಹೊಸಕೋಟೆನಾ?

ಬಾಡಿಗೆ_ಸಾಕಾಯ್ತು:
ಎಲ್ಲರಿಗೂ ನಮಸ್ಕಾರ. ಮೊದಲ ಮನೆ ತಗೊಳ್ಳುವ ಯೋಚನೆಯಲ್ಲಿದ್ದೇವೆ. ರಿಜಿಸ್ಟ್ರೇಷನ್ ಎಲ್ಲ ಸೇರಿ 50 ಲಕ್ಷ ದಾಟಬಾರದು, ಅದರಲ್ಲಿ ಮುಕ್ಕಾಲು ಪಾಲು ಸಾಲ. ಈ ದುಡ್ಡಿಗೆ ಬೆಂಗಳೂರೊಳಗೆ ಎರಡು ಬೆಡ್‌ರೂಮಿನ ಮನೆ ಸರಿಯಾಗಿ ಸಿಗುತ್ತಿಲ್ಲ. ಸಿಕ್ಕಿದ್ದರ ಕಾಗದಪತ್ರ ನೋಡಿದರೆ ಭಯವಾಗುತ್ತದೆ.

ನನ್ನ ಆಫೀಸ್ ವೈಟ್‌ಫೀಲ್ಡ್ ಕಡೆಯ ಐಟಿ ಪಾರ್ಕ್ ಐಟಿಪಿಎಲ್ ಹತ್ತಿರ, ವಾರಕ್ಕೆ ಮೂರು ದಿನ ಹೋಗಬೇಕು. ಹೆಂಡತಿ ರಾಜಾಜಿನಗರದಲ್ಲಿ ಟೀಚರ್. ಅವಳಿಗೆ ಶನಿವಾರವೂ ಶಾಲೆ, ಬೆಳಿಗ್ಗೆ ಎಂಟೂವರೆಗೆ ಹಾಜರಿರಬೇಕು. ಮಗಳಿಗೆ ನಾಲ್ಕು ವರ್ಷ. ಈಗ ವಿಜಯನಗರದಲ್ಲಿ ಬಾಡಿಗೆಗಿದ್ದೇವೆ.

ತುಮಕೂರಿನಲ್ಲಿ ಮಾವನ ಮನೆ ಇದೆ, ಮಗು ನೋಡಿಕೊಳ್ಳಲು ಅತ್ತೆ ತಯಾರಿದ್ದಾರೆ. ಮಾಲೂರು ನನ್ನ ಆಫೀಸಿನವರು ಹೇಳಿದ್ದು. ಹೊಸಕೋಟೆಗೆ ಬ್ರೋಕರ್ ದಿನಾ ಫೋನ್ ಮಾಡಿ ಕರೀತಾನೆ. ಇಬ್ಬರ ಕೆಲಸ ಊರಿನ ಎರಡು ತುದಿಯಲ್ಲಿ, ಹೀಗಿರುವಾಗ ಯಾವುದನ್ನು ನೋಡಿ ಆರಿಸಬೇಕು?

ಪಾಸ್_ಗಿರಾಕಿ:
ಸರ್, ನಾನು ತುಮಕೂರಿನವನೇ, ರೈಲ್ವೆ ಪಾಸ್ ಮೇಲೆ ಓಡಾಡಿಕೊಂಡೇ ಅರ್ಧ ಸರ್ವೀಸ್ ಮುಗಿಸಿದ್ದೇನೆ. ಮೊದಲು ಒಂದು ವಿಷಯ ತೀರ್ಮಾನ ಮಾಡಿ: ವಾರದಲ್ಲಿ ಜಾಸ್ತಿ ದಿನ ಓಡಾಡುವವರು ಯಾರು? ನಿಮ್ಮ ಮನೆಯವರು. ಅವರದು ಆರು ದಿನ, ತಡವಾದರೆ ರಿಜಿಸ್ಟರಿನಲ್ಲಿ ಕೆಂಪು ಗೆರೆ. ನಿಮ್ಮದು ಮೂರು ದಿನ, ತಡವಾದರೆ ಲ್ಯಾಪ್‌ಟಾಪ್ ತೆಗೆದು ಮೀಟಿಂಗಿಗೆ ಸೇರಬಹುದು. ಅಂದಮೇಲೆ ಮನೆ ಅವರ ದಾರಿಯಲ್ಲಿರಬೇಕು, ನಿಮ್ಮ ದಾರಿಯಲ್ಲಲ್ಲ.

ಅವರ ದಾರಿ ಹೀಗಿರುತ್ತೆ. ಬೆಳಿಗ್ಗೆ ಆರೂಕಾಲಿಗೆಲ್ಲ ತುಮಕೂರು ಸ್ಟೇಷನ್ನಿನಲ್ಲಿರಬೇಕು. ಯಶವಂತಪುರಕ್ಕೆ ಗಾಡಿ ನೋಡಿಕೊಂಡು ಒಂದು ಗಂಟೆ, ಒಂದೂಕಾಲು ಗಂಟೆ. ಅಲ್ಲಿ ಹಸಿರು ಮೆಟ್ರೋ ಹತ್ತಿದರೆ ಸೋಪ್ ಫ್ಯಾಕ್ಟರಿ, ಮಹಾಲಕ್ಷ್ಮಿ, ಮೂರನೆಯದೇ ರಾಜಾಜಿನಗರ. ಬೆಳಗಿನ ಗಾಡಿ ಸಾಮಾನ್ಯವಾಗಿ ಕೈ ಕೊಡಲ್ಲ. ಕೈ ಕೊಡುವುದು ಸಂಜೆಯದು. ಹಿಂದಿನ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ನಿಮ್ಮ ಗಾಡಿಯನ್ನು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಪಕ್ಕಕ್ಕೆ ಹಾಕುತ್ತಾರೆ, ಆಮೇಲೆ ಸಿಗ್ನಲ್ ಬರೋವರೆಗೂ ಕೂರಬೇಕು. ಅವರೆಕಾಯಿ ಸೀಸನ್ನಿನಲ್ಲಿ ಲೇಡೀಸ್ ಡಬ್ಬಿಗೆ ಹೋಗಿ ನೋಡಿ, ಮಡಿಲಲ್ಲಿ ಪೇಪರ್ ಹಾಸಿಕೊಂಡು ಕಾಳು ಸುಲಿಯುತ್ತಿರುತ್ತಾರೆ, ಊರು ಬರುವಷ್ಟರಲ್ಲಿ ರಾತ್ರಿ ಸಾರಿಗೆ ಆಗುವಷ್ಟು ಕಾಳು ರೆಡಿ. ಆ ಹೊತ್ತನ್ನು ಹಾಗೆ ಬಳಸಿಕೊಳ್ಳಲು ಬರದವರಿಗೆ ಈ ಊರು ಬೇಡ.

ಪಾಸ್ ಅಗ್ಗವೇ. ಆದರೆ ಸೂಪರ್‌ಫಾಸ್ಟ್ ಗಾಡಿಗೆ ಬೇರೆ ಸರ್ಚಾರ್ಜ್ ಕಟ್ಟಬೇಕು, ರಿಸರ್ವೇಷನ್ ಡಬ್ಬಿ ಹತ್ತಿದರೆ ದಂಡ. ಇನ್ನು ನಿಮ್ಮ ಐಟಿಪಿಎಲ್ ವಿಷಯಕ್ಕೆ ಬಂದರೆ, ಯಶವಂತಪುರದಿಂದ ಮೆಜೆಸ್ಟಿಕ್, ಅಲ್ಲಿಂದ ನೇರಳೆ ಮಾರ್ಗದಲ್ಲಿ ಪಟ್ಟಂದೂರು ಅಗ್ರಹಾರ. ಒಂದು ಕಡೆಗೇ ಮೂರು ಗಂಟೆ ಹತ್ತಿರ ಬರುತ್ತೆ, ಸುಮ್ನೆ ಕಮ್ಮಿ ಹೇಳಲ್ಲ.

ಮಾಲೂರು_ಲೋಕಲ್:
ಗಂಡ ಎಷ್ಟು ಒದ್ದಾಡಿದರೂ ನಡೆಯುತ್ತೆ ಅನ್ನೋ ಹಾಗಿದೆ ಮೇಲಿನವರ ಮಾತು 😄

ನಮ್ಮೂರಿಂದ ಲೆಕ್ಕ ಹಾಕಿ ನೋಡಿ. ಬಂಗಾರಪೇಟೆ ಕಡೆಯಿಂದ ಬರುವ ಮೆಮು (ಲೋಕಲ್ ರೈಲು) ಹತ್ತಿದರೆ ಅರ್ಧ ಗಂಟೆಯೊಳಗೆ ವೈಟ್‌ಫೀಲ್ಡ್ ಸ್ಟೇಷನ್. ಮೆಟ್ರೋ ಪಕ್ಕದಲ್ಲೇ ಇದೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿ ಶುರುವಾದ ಮೇಲೆ ಈ ಕಡೆಯ ಚಿತ್ರವೇ ಬದಲಾಯಿತು. ಹೋಪ್ ಫಾರ್ಮ್, ಟ್ರೀ ಪಾರ್ಕ್ ಆದಮೇಲೆ ನಿಮ್ಮ ಆಫೀಸ್. ಮನೆಯವರಿಗೆ ಮಾತ್ರ ಕಷ್ಟ, ಒಪ್ಪುತ್ತೇನೆ. ಸಿಟಿ ಸ್ಟೇಷನ್‌ವರೆಗೆ ರೈಲಿನಲ್ಲೇ ಹೋಗಿ, ಆಮೇಲೆ ಮೆಟ್ರೋ ಹತ್ತಬೇಕು. ವೈಟ್‌ಫೀಲ್ಡಿನಿಂದಲೇ ಮೆಟ್ರೋ ಅಂದರೆ ಜೇಬಿಗೆ ಭಾರ, 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತಲ್ಲ.

ಮಾಲೂರಿಗೆ ಬಂದರೆ ಒಂದು ಕೇಳಿ: ನೀರು ಎಲ್ಲಿಂದ? ಬೋರ್ ಇದೆ ಅಂದರೆ ಸಾಲದು. ಏಪ್ರಿಲ್‌ನಲ್ಲಿ ಬಂದು ಪಕ್ಕದ ಮನೆಯವರನ್ನು ಕೇಳಿ, ಟ್ಯಾಂಕರ್ ಎಷ್ಟು ದಿನಕ್ಕೊಮ್ಮೆ ಬರುತ್ತೆ ಅಂತ. ತುಮಕೂರಿಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರಾದರೂ ಇದೆ. ಆ ವಿಷಯದಲ್ಲಿ ನಮ್ಮೂರು ಹಿಂದೆ, ನಮ್ಮೂರು ಅಂತ ಮುಚ್ಚಿಡುವುದಿಲ್ಲ.

ಇಸಿ_ತೆಗೆಸಿ:
ಊರು ಯಾವುದಾದರೂ ಆಗಲಿ, ಕಾಗದ ನೋಡದೆ ಅಡ್ವಾನ್ಸ್ ಕೊಡಬೇಡಿ. ಪಟ್ಟಣದ ಹೊರಗೆ ಗ್ರಾಮ ಪಂಚಾಯಿತಿ ಲೇಔಟ್‌ಗಳೇ ಜಾಸ್ತಿ. ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9 ಮತ್ತು 11ಎ ಇದ್ದರೆ ಮುಂದಿನ ಮಾತು. ಮಂಜೂರಾತಿ ಇಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿ "ಎಲ್ಲ ಒಂದೇ ಸರ್" ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ, ಬ್ಯಾಂಕಿನವರೂ ಸಾಲಕ್ಕೆ ಹಿಂದೆಮುಂದೆ ನೋಡುತ್ತಾರೆ. ಕನ್ವರ್ಷನ್ ಆದೇಶ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಿದ್ದು), ಪ್ಲಾನಿಂಗ್ ಮಂಜೂರಾತಿ, ಫ್ಲಾಟ್ ಆದರೆ ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರ) ನಂಬರ್ ಕೇಳಿ. ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ನೀವೇ ತೆಗೆಸಬಹುದು.

ಜನ ಬಿಟ್ಟುಬಿಡುವುದು ಹಳೇ ಮೂಲಪತ್ರ. ಅದರಲ್ಲಿ ಸಾಗುವಳಿ ಚೀಟಿ (ಸರ್ಕಾರ ಜಮೀನು ಮಂಜೂರು ಮಾಡಿದ ಪತ್ರ) ಅಂತ ಕಂಡರೆ ನಿಲ್ಲಿ. ಜಮೀನು ಎಸ್‌ಸಿ/ಎಸ್‌ಟಿ ಕುಟುಂಬಕ್ಕೆ ಸರ್ಕಾರ ಕೊಟ್ಟದ್ದಾಗಿದ್ದು, ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಪಿಟಿಸಿಎಲ್ ಕಾಯ್ದೆಯಲ್ಲಿ ಅದು ವಾಪಸ್ ಹೋಗುತ್ತೆ. 2023ರ ತಿದ್ದುಪಡಿ ಆದಮೇಲೆ "ತುಂಬಾ ಹಳೇ ಮಾರಾಟ, ಈಗ ಯಾರು ಕೇಳ್ತಾರೆ" ಅನ್ನುವ ಮಾತೂ ನಡೆಯಲ್ಲ. ವಕೀಲರಿಗೆ ಕೊಡುವ ಫೀಸಿನಲ್ಲಿ ಚೌಕಾಸಿ ಬೇಡ.

ದುಡ್ಡಿನ ಲೆಕ್ಕವನ್ನೂ ಇನ್ನೊಮ್ಮೆ ಹಾಕಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಪರ್ಸೆಂಟ್ ಇದ್ದದ್ದು 2 ಆಗಿದೆ. ಮೊದಲ ಸಲ ರಿಜಿಸ್ಟರ್ ಆಗುವ ಫ್ಲಾಟ್ ಆದರೆ 45 ಲಕ್ಷದವರೆಗೆ ಮುದ್ರಾಂಕ ಶುಲ್ಕ 3 ಪರ್ಸೆಂಟ್, ಅದು ದಾಟಿದರೆ ಪೂರ್ತಿ ಬೆಲೆಗೆ 5. ಬಿಲ್ಡರ್ 46 ಲಕ್ಷ ಹೇಳಿದರೆ ಯಾಕೆ ಚೌಕಾಸಿ ಮಾಡಬೇಕು ಅಂತ ಈಗ ಗೊತ್ತಾಯ್ತಲ್ಲ. ಕೇಂದ್ರದ ಪಿಎಂಎವೈ 2.0 (ಪ್ರಧಾನಮಂತ್ರಿ ಆವಾಸ್ ಯೋಜನೆ) ಬಡ್ಡಿ ಸಬ್ಸಿಡಿ ನಿಮಗೆ ಸಿಗುವ ಹಾಗೆ ಕಾಣಲ್ಲ, ಅದು 35 ಲಕ್ಷದೊಳಗಿನ ಮನೆಗೆ.

ಟಿನ್_ಫ್ಯಾಕ್ಟರಿ_ಸಂತ್ರಸ್ತ:
ಹೊಸಕೋಟೆ ಬ್ರೋಕರ್ "ವೈಟ್‌ಫೀಲ್ಡಿಗೆ ಹದಿನೈದೇ ಕಿಲೋಮೀಟರ್" ಅಂದಿರಬೇಕು, ಅಲ್ವಾ? ಅದು ನಿಜ. ರೈಲಿಲ್ಲ, ಮೆಟ್ರೋ ಇಲ್ಲ ಅನ್ನೋದೂ ನಿಜ. ಮೇಡಂ ದಿನಾ ಬಸ್ಸಿನಲ್ಲಿ ಕೆ.ಆರ್. ಪುರ ದಾಟಿ ರಾಜಾಜಿನಗರಕ್ಕೆ ಹೋಗಬೇಕು ಅನ್ನೋದನ್ನು ಅವನಿಗೆ ಹೇಳಿ ನೋಡಿ, ಫೋನ್ ತಾನಾಗೇ ನಿಲ್ಲುತ್ತೆ.

ಬಾಡಿಗೆ_ಸಾಕಾಯ್ತು:
ಎಲ್ಲರಿಗೂ ಥ್ಯಾಂಕ್ಸ್. ಹೊಸಕೋಟೆ ಕೈಬಿಟ್ಟೆ. ಹೆಂಡತಿಗೆ ಇದನ್ನೆಲ್ಲ ಓದಿ ಹೇಳಿದೆ. "ಅವರೆಕಾಯಿ ಸುಲಿಯೋದಕ್ಕೆ ನಾನು ರೆಡಿ, ನಿಮಗೆ ಮೂರು ಗಂಟೆ ಕೂರೋಕೆ ಆಗುತ್ತಾ" ಅಂತ ಕೇಳಿದಳು. ಹೆಡ್ ಆಫೀಸಿನವರು ನಾಳೆ ಐದು ದಿನವೂ ಬನ್ನಿ ಅಂದರೆ ಏನು ಗತಿ ಅನ್ನೋದು ನನ್ನ ಚಿಂತೆ. ತುಮಕೂರಿಗೆ ಮೆಟ್ರೋ ಬರುತ್ತೆ ಅಂತಾರೆ, ಸಬರ್ಬನ್ ರೈಲು ಬೇರೆ ಇದೆ. ಅದನ್ನು ನಂಬಬಹುದಾ?

ಪಾಸ್_ಗಿರಾಕಿ:
ಮೆಟ್ರೋ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂತು. ಅಲ್ಲಿಂದ ತುಮಕೂರಿಗೆ ಇನ್ನೂ ಐವತ್ತು ಕಿಲೋಮೀಟರ್ ಇದೆ, ಅದು ಕಾಗದದ ಮೇಲೇ ಇದೆ. ಸಬರ್ಬನ್ ರೈಲಿಗೆ 2022ರಲ್ಲಿ ಶಂಕುಸ್ಥಾಪನೆ ಆಯಿತು, ಆದರೆ ನಮ್ಮ ಕಡೆ ಆ ಮಾರ್ಗ ಚಿಕ್ಕಬಾಣಾವರಕ್ಕೇ ಮುಗಿಯುತ್ತೆ. ಬಂದರೆ ಸಂತೋಷ. ಅದರ ಹೆಸರಲ್ಲಿ ಚದರಡಿಗೆ ನೂರು ರೂಪಾಯಿ ಜಾಸ್ತಿ ಕೇಳಿದರೂ ಕೊಡಬೇಡಿ.

ಐದು ದಿನ ಕರೆಯುವ ಸಾಧ್ಯತೆ ನಿಜಕ್ಕೂ ಇದ್ದರೆ ತುಮಕೂರು ಬೇಡ ಸರ್, ನಮ್ಮೂರಿಗೆ ಗಿರಾಕಿ ಕಳೆದರೂ ಪರವಾಗಿಲ್ಲ. ಚಿಕ್ಕಬಾಣಾವರ, ಇಲ್ಲಾ ಕೆಂಗೇರಿ ಆಚೆ ಹಳೇ ಫ್ಲಾಟ್ ನೋಡಿ, ಚಿಕ್ಕದಾದರೂ ಸರಿ. ಇಲ್ಲ ಅಂದರೆ ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ಒಂದು ತಿಂಗಳು ಮಾವನ ಮನೆಯಿಂದಲೇ ಇಬ್ಬರೂ ಓಡಾಡಿ. ಬಾಡಿಗೆ ಮನೆ ಬಿಡುವುದೇನೂ ಬೇಡ. ಆಮೇಲೂ ತುಮಕೂರೇ ಅನ್ನಿಸಿದರೆ ಸ್ಟೇಷನ್ನಿಗೆ ನಡೆದು ಹೋಗುವ ದೂರದಲ್ಲಿ, ಉಪ್ಪಾರಹಳ್ಳಿ, ಎಸ್.ಎಸ್. ಪುರಂ ಕಡೆ ಹುಡುಕಿ. ಕ್ಯಾತ್ಸಂದ್ರದಲ್ಲಿ ಬೆಲೆ ಕಮ್ಮಿ ಅಂತ ಹೋದರೆ ಎಷ್ಟೋ ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲಲ್ಲ.