ಬ್ರಿಟನ್ನಿನ ಎಲ್ಲ ಪಿಂಚಣಿದಾರರಿಗೂ ಚಳಿಗಾಲದ ಇಂಧನ ಸಹಾಯಧನ ಬೇಕೆ?

ಪ್ರಶ್ನೆ: ಮ್ಯಾಂಚೆಸ್ಟರಿನಲ್ಲಿ ನಮ್ಮ ಪಕ್ಕದ ಮನೆಯ ವೃದ್ಧೆಯೊಬ್ಬರು ಚಳಿಗಾಲವಿಡೀ ಒಂದೇ ಕೋಣೆಯನ್ನು ಬೆಚ್ಚಗಿಟ್ಟುಕೊಂಡು ದಿನ ದೂಡುತ್ತಾರೆ. ಅದೇ ಬೀದಿಯಲ್ಲಿ ಎರಡು ಮನೆಗಳ ಒಡೆಯರಾದ ನಿವೃತ್ತರಿಗೂ ಸರ್ಕಾರ ಇಂಧನ ಸಹಾಯಧನ ಕೊಡುವುದು ನ್ಯಾಯವೇ?

ಉತ್ತರ 1: 1997ರಲ್ಲಿ ಘೋಷಣೆಯಾದ ಈ ಯೋಜನೆಯ ತಿರುಳೇ ಆದಾಯ ವಿಚಾರಿಸದೆ ಕೊಡುವುದಾಗಿತ್ತು. 2024ರಲ್ಲಿ ಸರ್ಕಾರವು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅದನ್ನು, ಕಡಿಮೆ ಆದಾಯದ ಪಿಂಚಣಿದಾರರಿಗೆ ಸಿಗುವ ಪೆನ್ಷನ್ ಕ್ರೆಡಿಟ್‌ನಂಥ ನೆರವು ಪಡೆಯುವವರಿಗಷ್ಟೇ ಸೀಮಿತಗೊಳಿಸಿದಾಗ, ಅರ್ಹರಾಗಿದ್ದರೂ ಆ ನೆರವಿಗೆ ಅರ್ಜಿ ಹಾಕದೇ ಇದ್ದ ಬಡ ವೃದ್ಧರು ಎರಡನ್ನೂ ಕಳೆದುಕೊಂಡರು. ಟೀಕೆ ಜೋರಾದ ಮೇಲೆ 2025ರಲ್ಲಿ ನಿಯಮ ಬದಲಾಯಿತು. ವಾರ್ಷಿಕ ಆದಾಯ 35,000 ಪೌಂಡ್ ಮೀರಿದವರಿಂದ ಹಣವನ್ನು ತೆರಿಗೆಯ ಮೂಲಕ ಹಿಂಪಡೆಯುವ ಈ ಕ್ರಮವೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಆದರೆ ಆಸ್ತಿಯನ್ನು ಲೆಕ್ಕಕ್ಕೆ ಹಿಡಿಯದ ಕಾರಣ, ನಿಮ್ಮ ಬೀದಿಯ ಆ ಒಡೆಯರು ಇದರಲ್ಲೂ ಪಾರಾಗಬಹುದು.

ಉತ್ತರ 2: ಮನೆಯೊಂದಕ್ಕೆ 200 ಪೌಂಡ್, 80 ದಾಟಿದವರಿದ್ದರೆ 300, ಇದು ಗಾಯಕ್ಕೆ ಪಟ್ಟಿಯಷ್ಟೇ. ಇಂಧನ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಆಫ್‌ಜೆಮ್ ವಿಧಿಸುವ ಬೆಲೆಮಿತಿಯು ಯೂನಿಟ್ ದರಕ್ಕೂ ದಿನದ ಸ್ಥಿರ ಶುಲ್ಕಕ್ಕೂ ಅನ್ವಯಿಸುತ್ತದೆಯೇ ಹೊರತು ಒಟ್ಟು ಬಿಲ್ಲಿಗಲ್ಲ. ಹೀಟರ್ ಆರಿಸಿ ಕುಳಿತರೂ ಸ್ಥಿರ ಶುಲ್ಕ ತಪ್ಪದಾದ್ದರಿಂದ, ಮಿತವಾಗಿ ಬಳಸುವ ವೃದ್ಧರಿಗೇ ಅದರ ಹೊರೆ ಹೆಚ್ಚು. ಟೊಳ್ಳಿಲ್ಲದ ಇಟ್ಟಿಗೆ ಗೋಡೆಯ ಹಳೆಯ ಸಾಲುಮನೆಗಳಲ್ಲಂತೂ ಕೊಟ್ಟ ಹಣದ ಬಿಸಿಯೆಲ್ಲ ಗೋಡೆಯಲ್ಲೇ ಸೋರಿಹೋಗುತ್ತದೆ. ಮೊದಲು ಉಷ್ಣನಿರೋಧಕ ಹೊದಿಕೆಗೆ ವೆಚ್ಚ ಮಾಡಬೇಕು.

ಪ್ರಶ್ನೆ ಕೇಳಿದವರು: ಗೋಡೆಯ ಮಾತು ಒಪ್ಪಿದೆ, ಆದರೆ ಆ ಕೆಲಸ ಮುಗಿಯುವ ತನಕ ಅವರು ಚಳಿಯಲ್ಲಿ ಇರಲಾಗದು. ಪೆನ್ಷನ್ ಕ್ರೆಡಿಟ್‌ಗೆ ಅರ್ಜಿ ಹಾಕಿರೆಂದರೆ, ಕೈಯೊಡ್ಡಿದಂತಾಗುತ್ತದೆ ಎಂದು ಹಿಂಜರಿಯುತ್ತಾರೆ. ಭಾನುವಾರ ಜೊತೆಗೆ ಕುಳಿತು ಅರ್ಜಿ ತುಂಬಿಸುತ್ತೇನೆ.